ಕಾಗೆ ಎಂಜಲು

ಕೆಲವು ಮಾತುಗಳ ಆಳ ನಮಗೆ ತಿಳಿಯುವುದು ಅವನ್ನು ಪರದೇಶದವರಿಗೆ ವಿವರಿಸಲು ಹೊರಟಾಗ. 'ಎಂಜಲು' ಅಂಥದೊಂದು ಮಾತು. ಬಾಯಿ ಸೋಂಕಿದ್ದು ಎಂದರೆ ಯಾರಿಗಾದರೂ ಅರ್ಥವಾದೀತು. ಆದರೆ ಅಲ್ಲಿಗೆ ಮುಗಿಯಲಿಲ್ಲವಲ್ಲ! ತಿಂದು ಬಿಟ್ಟದ್ದು ಎಂಜಲು, ತಿಂದ ಕೈ ಎಂಜಲು, ಉಂಡೆದ್ದ ಎಲೆ ಎಂಜಲು, ಎಲೆ ಹಾಕಿದ್ದ ನೆಲವೂ ಗೋಮೆ ಹಚ್ಚುವವರೆಗೆ ಎಂಜಲು. ಲಂಚದ ಹಣ ಎಂಜಲು ಕಾಸು. ಜಿಪುಣನಾದವನು ಎಂಜಲು ಕೈಯಲ್ಲಿ ಕಾಗೆಯನ್ನೂ ಓಡಿಸುವುದಿಲ್ಲ. ಇಷ್ಟು ದೊಡ್ಡ ಸಂಸಾರವಿರುವ ಮಾತಿನ ನಿಜವಾದ ಅರ್ಥ ನನಗೆ ಗೊತ್ತಿದೆಯೆಂದೇ ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ಅಲುಗಿದ್ದು ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ, ಜಪಾನಿನ ಒಸಾಕಾ ನಗರದ ಒಂದು ಹೋಟೆಲಿನಲ್ಲಿ.

2019ರ ವಸಂತದಲ್ಲಿ ನಾನು ಮಗಳ ಮನೆಗೆಂದು ಅಲ್ಲಿಗೆ ಹೋಗಿದ್ದೆ. ಒಂದು ಭಾನುವಾರ ಮಗಳೂ ಅಳಿಯನೂ ನನ್ನನ್ನು ಊಟಕ್ಕೆ ಹೊರಗೆ ಕರೆದುಕೊಂಡು ಹೋದರು. "ಅಪ್ಪ, ಇಲ್ಲಿ ಊಟ ನಿಮ್ಮ ಹತ್ತಿರಕ್ಕೆ ತಾನಾಗಿ ನಡೆದುಕೊಂಡು ಬರುತ್ತದೆ" ಎಂದಳು ಮಗಳು. ನಾನು ಹಾಸ್ಯವೆಂದುಕೊಂಡೆ. ಒಳಗೆ ಹೋಗಿ ನೋಡಿದರೆ ಮಾತು ಅಕ್ಷರಶಃ ನಿಜ. ಮೇಜುಗಳ ಪಕ್ಕದಲ್ಲಿ ಒಂದು ಬೆಲ್ಟು ಸದ್ದಿಲ್ಲದೆ ಹರಿಯುತ್ತಿತ್ತು. ಅದರ ಮೇಲೆ ಅಂಗೈಯಗಲದ ತಟ್ಟೆಗಳು, ತಟ್ಟೆಯಲ್ಲಿ ಎರಡೆರಡು ಅನ್ನದ ತುತ್ತುಗಳು, ತುತ್ತಿನ ಮೇಲೆ ಕೆಂಪು, ಬಿಳಿ, ಕಿತ್ತಳೆ ಬಣ್ಣದ ಮೀನಿನ ಚೂರು. ನಡುನಡುವೆ ಸೌತೆಕಾಯಿ, ಮೊಟ್ಟೆಯ ದೋಸೆ, ಒಂದು ಕಡೆ ಕೇಕು ಕೂಡ. ಬೇಕಾದದ್ದು ಎದುರಿಗೆ ಬಂದಾಗ ತಟ್ಟೆಯನ್ನು ಎತ್ತಿಕೊಳ್ಳಬೇಕು. ತಿಂದಾದ ಮೇಲೆ ಬರಿ ತಟ್ಟೆಗಳನ್ನು ಎಣಿಸಿ ಹಣ ಕೊಡಬೇಕು. ಹೆಚ್ಚಿನವು ತಟ್ಟೆಗೆ ನೂರು ಯೆನ್, ಮೇಲೆ ತೆರಿಗೆ. ಮೇಜಿಗೇ ಅಂಟಿಕೊಂಡ ನಲ್ಲಿಯಲ್ಲಿ ಬಿಸಿನೀರು, ಪಕ್ಕದಲ್ಲಿ ಹಸಿರು ಚಹದ ಪುಡಿ, ಉಪ್ಪಿನಕಾಯಿಯಂತೆ ಹುಳಿ ಹಾಕಿದ ಶುಂಠಿಯ ಡಬ್ಬಿ, ಸೋಯಾ ಸಾಸಿನ ಸೀಸೆ. ಬಡಿಸುವವರಿಲ್ಲ, 'ಇನ್ನು ಸ್ವಲ್ಪ' ಎಂಬ ಉಪಚಾರವಿಲ್ಲ, 'ಸಾಕು ಸಾಕು' ಎಂದು ಎಲೆಗೆ ಕೈ ಅಡ್ಡ ಹಿಡಿಯುವ ಬಿಂಕವೂ ಇಲ್ಲ.

ಈ ಏರ್ಪಾಡಿಗೆ ಅಲ್ಲಿಯವರು 'ಕೈತೆನ್ ಜುಶಿ' ಎನ್ನುತ್ತಾರೆ. ಎಂದರೆ ಸುತ್ತುವ ಸುಶಿ. ಇದನ್ನು ಹುಟ್ಟಿಸಿದವನು ಯೊಶಿಯಾಕಿ ಶಿರಾಯಿಶಿ. ಅವನು ಒಸಾಕಾದ ಪೂರ್ವಕ್ಕೆ ಅಂಟಿಕೊಂಡಿರುವ ಫುಸೆಯಲ್ಲಿ ನಿಂತು ತಿನ್ನುವ ಸಣ್ಣ ಸುಶಿ ಅಂಗಡಿ ಇಟ್ಟುಕೊಂಡಿದ್ದ. ಸುತ್ತಮುತ್ತಲಿನ ಸಣ್ಣ ಕಾರ್ಖಾನೆಗಳ ಕೆಲಸಗಾರರೇ ಅವನ ಗಿರಾಕಿಗಳು. ಅವರಿಗೆ ಬೇಗನೆ ಆಗಬೇಕು, ಅಗ್ಗವಾಗಿಯೂ ಇರಬೇಕು; ಇವನಿಗೆ ಸಾಕಷ್ಟು ಆಳುಗಳಿಲ್ಲ. ಹೀಗಿರುವಾಗ ಆಸಾಹಿ ಬಿಯರ್ ಕಾರ್ಖಾನೆಯಲ್ಲಿ ಸೀಸೆಗಳು ಬೆಲ್ಟಿನ ಮೇಲೆ ಸಾಲಾಗಿ ಸಾಗುವುದನ್ನು ಕಂಡ. ಸೀಸೆಗಳಂತೆ ತಟ್ಟೆಗಳೇಕೆ ಸಾಗಬಾರದು ಎನಿಸಿತು. ಹಲವು ವರ್ಷ ಅದರ ಹಿಂದೆಯೇ ಬಿದ್ದು, 1958ರಲ್ಲಿ 'ಗೆನ್ರೊಕು' ಎಂಬ ಹೆಸರಿನಲ್ಲಿ ಮೊದಲ ಸುತ್ತುವ ಸುಶಿಯ ಅಂಗಡಿ ತೆರೆದ. ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 8 ಸೆಂಟಿಮೀಟರು. ಅದಕ್ಕಿಂತ ನಿಧಾನವಾದರೆ ಕಾಯುವವನಿಗೆ ಬೇಸರ. ಜೋರಾದರೆ ಎತ್ತಿಕೊಳ್ಳುವವನಿಗೆ ಗಾಬರಿ, ಮೀನೂ ಒಣಗುತ್ತದೆ. 1970ರ ಒಸಾಕಾ ಮಹಾಪ್ರದರ್ಶನದಲ್ಲಿ ದೇಶವೆಲ್ಲ ಇದನ್ನು ಕಂಡಿತು. ಅದುವರೆಗೆ ಗಿರಾಕಿ ಹೆದರಿ ಹೆದರಿ ಹೋಗಿ, ಬೆಲೆ ಕೇಳಲು ಸಂಕೋಚಪಟ್ಟು ಕೂರುತ್ತಿದ್ದ ಸುಶಿ ಅಂಗಡಿಗೆ ಈಗ ಹೆಂಡತಿ ಮಕ್ಕಳ ಸಮೇತ ಯಾರು ಬೇಕಾದರೂ ಹೋಗುವಂತಾಯಿತು.

ನಾನು ಸಸ್ಯಾಹಾರಿ. ಆದ್ದರಿಂದ ನನ್ನ ಪಾಲಿಗೆ ಆ ಮೆರವಣಿಗೆಯ ಮುಕ್ಕಾಲು ಪಾಲು ಬರಿಯ ನೋಟ. ಸೌತೆಕಾಯಿಯ ಸುರುಳಿ ಬಂದಾಗ ತೆಗೆದುಕೊಳ್ಳುವುದು, ಮತ್ತೆ ಅದು ಬರುವವರೆಗೆ ಚಹ ಕುಡಿಯುವುದು. ಆ ಸುರುಳಿಗೆ 'ಕಪ್ಪಾ' ಎಂದು ಹೆಸರು. ಕಪ್ಪಾ ಎನ್ನುವುದು ಹೊಳೆಯಲ್ಲಿರುವ ಒಂದು ಭೂತವಂತೆ, ಅದಕ್ಕೆ ಸೌತೆಕಾಯಿಯೆಂದರೆ ಪ್ರಾಣವಂತೆ. ಹೊಳೆಯಲ್ಲಿದ್ದೂ ಮೀನು ಬಿಟ್ಟು ಸೌತೆಕಾಯಿ ಮೆಚ್ಚಿದ ಆ ಭೂತದ ಮೇಲೆ ನನಗೆ ವಿಶ್ವಾಸ ಹುಟ್ಟಿತು.

ಹೀಗಿರುತ್ತ ಒಂದು ಎಡವಟ್ಟಾಯಿತು. ಕಂದುಬಣ್ಣದ ಏನೋ ಒಂದು ತಟ್ಟೆ ಬಂತು. ಬದನೆಕಾಯಿ ಎಂದುಕೊಂಡು ಎತ್ತಿದೆ. ಹತ್ತಿರದಿಂದ ನೋಡಿದರೆ ಯಾವುದೋ ಮೀನು. ಸರಿ, ಮರಳಿ ಬೆಲ್ಟಿನ ಮೇಲೆ ಇಡಲು ಕೈ ಚಾಚಿದೆ. ಮಗಳು ಥಟ್ಟನೆ ನನ್ನ ಮಣಿಕಟ್ಟು ಹಿಡಿದಳು. "ಇಡಬೇಡಿ ಅಪ್ಪ. ಮುಟ್ಟಿದ ಮೇಲೆ ಅದು ನಮ್ಮದು."

"ನಾನು ತಿಂದಿಲ್ಲವಲ್ಲೆ! ತಟ್ಟೆ ಮುಟ್ಟಿದೆ, ಅಷ್ಟೆ."

"ಆದರೂ ಇಡುವುದಿಲ್ಲ ಅಪ್ಪ. ಮುಂದಿನವರು ತಿನ್ನಬೇಕಲ್ಲ."

ಅಳಿಯ ನಗುತ್ತ ಆ ತಟ್ಟೆಯನ್ನು ತನ್ನೆಡೆಗೆ ಎಳೆದುಕೊಂಡು ನನ್ನ ಮಾನ ಉಳಿಸಿದ. ಆದರೆ ಮಗಳ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾನು ಆ ಬೆಲ್ಟನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ನನ್ನ ಎದುರಿಗೆ ಬಂದ ತಟ್ಟೆ ಅದಕ್ಕೆ ಮೊದಲು ಹತ್ತಾರು ಜನರ ಮೂಗಿನ ಕೆಳಗೆ ಸಾಗಿ ಬಂದದ್ದು. ಅವರಲ್ಲಿ ಹಸಿದ ಮಕ್ಕಳಿದ್ದರು, ಮುದುಕರಿದ್ದರು, ಹರಟೆಮಲ್ಲರಾದ ಹುಡುಗರಿದ್ದರು. ಕಾಯುವವರು ಯಾರೂ ಇಲ್ಲ. ಆದರೂ ಎಲ್ಲರೂ ನೋಡಿ ಸುಮ್ಮನಿದ್ದಾರೆ. ನನಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕು, ಆ ಇನ್ನೊಬ್ಬರು ಯಾರೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಇದು ಬರೆದಿಟ್ಟ ಕಾನೂನಲ್ಲ. ಎಲ್ಲರ ಬಟ್ಟಲಿಂದ ತನ್ನ ಕಡ್ಡಿಯಲ್ಲೇ ತೆಗೆದುಕೊಳ್ಳುವುದನ್ನೂ, ಯಾವುದನ್ನು ತೆಗೆದುಕೊಳ್ಳಲೆಂದು ತಿಳಿಯದೆ ಭಕ್ಷ್ಯಗಳ ಮೇಲೆ ಕಡ್ಡಿಯಾಡಿಸುವುದನ್ನೂ ಆ ಜನ ಅಸಭ್ಯವೆನ್ನುತ್ತಾರೆ. ಎರಡಕ್ಕೂ ಬೇರೆ ಬೇರೆ ಹೆಸರನ್ನೇ ಇಟ್ಟಿದ್ದಾರೆ. ಎಂಜಲೆಂಬ ಮಾತು ಅವರಲ್ಲಿಲ್ಲದಿರಬಹುದು, ಎಂಜಲಿನ ಪ್ರಜ್ಞೆ ಬೇಕಾದಷ್ಟಿದೆ.

ಆಗ ನನಗೆ ನೆನಪಾದದ್ದು ಒಂದು ಸೀಬೆಹಣ್ಣು.

ಫುಸೆಯಲ್ಲಿ ಮೊದಲ ಬೆಲ್ಟು ತಿರುಗಿದ ವರ್ಷ ನನಗೆ ಏಳು ವಯಸ್ಸು. ಬೇಸಗೆಯ ರಜೆಯಲ್ಲಿ ಅಜ್ಜನ ಊರಿನಲ್ಲಿದ್ದೆ. ತೋಟದ ಕೆಲಸಕ್ಕೆ ಊರ ಹೊರಗಿನ ಕೇರಿಯಿಂದ ಬರುತ್ತಿದ್ದವಳೊಬ್ಬಳ ಮಗ ನನ್ನ ಸಮವಯಸ್ಕ. ತೋಟದೊಳಗೆ ನನ್ನ ಜೊತೆಗಾರ, ಅಂಗಳದ ಬಳಿ ಬಂದಾಗ ಅಲ್ಲ. ಈ ವ್ಯತ್ಯಾಸವನ್ನು ನಮಗೆ ಯಾರೂ ಕೂರಿಸಿ ಹೇಳಿಕೊಟ್ಟಿರಲಿಲ್ಲ; ಇಬ್ಬರಿಗೂ ಬರುತ್ತಿತ್ತು. ಒಂದು ದಿನ ಅವನು ಮರ ಹತ್ತಿ ಒಂದು ದೋರೆ ಸೀಬೆಕಾಯಿ ಕಿತ್ತು ತಂದ. ಇದ್ದದ್ದು ಒಂದೇ. ಕತ್ತರಿಸಲು ಚಾಕುವಿಲ್ಲ. ಅವನು ಹಣ್ಣನ್ನು ತನ್ನ ಅಂಗಿಯ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದ ಕಟಕ್ಕೆಂದು ಕಚ್ಚಿ, ಎರಡು ಹೋಳು ಮಾಡಿ, ದೊಡ್ಡದನ್ನು ನನಗೆ ಕೊಟ್ಟ.

ಓದುಗರಲ್ಲಿ ನನ್ನ ವಯಸ್ಸಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದು 'ಕಾಗೆ ಎಂಜಲು'. ನಡುವೆ ಬಟ್ಟೆಯಿದ್ದರೆ ಹಲ್ಲು ತಾಗಿದರೂ ಎಂಜಲು ತಾಗುವುದಿಲ್ಲ ಎಂಬುದು ಮಕ್ಕಳ ಧರ್ಮಶಾಸ್ತ್ರ. ಕಾಗೆಗೂ ಇದಕ್ಕೂ ಏನು ಸಂಬಂಧವೋ ತಿಳಿಯೆ. ಕಂಬರಕಟ್ಟು, ಪೆಪ್ಪರಮೆಂಟು, ಮಾವಿನಕಾಯಿ ಎಲ್ಲವನ್ನೂ ನಾವು ಹೀಗೆ ಹಂಚಿಕೊಂಡು ತಿಂದಿದ್ದೇವೆ.

ಅಜ್ಜಿ ಕಂಡರು. ಹಿತ್ತಿಲ ಬಾಗಿಲಲ್ಲಿ ನಿಂತೇ ಕೇಳಿದರು: "ಯಾರೋ ಅದನ್ನ ಕಚ್ಚಿದ್ದು?"

"ಅವನು."

"ನೀನ್ಯಾಕೋ ತಿಂದೆ?"

"ಅವನೇ ನನ್ನ ಬಾಯಿಗೆ ತುರುಕಿದ" ಎಂದೆ.

ಅಂಗಳದಲ್ಲಿ ಕೆಲಸ ಮಾಡುತ್ತಿದ್ದ ಅವನ ತಾಯಿಗೆ ಇದು ಕೇಳಿಸಿತು. ಅಜ್ಜಿ ಬಾಯಿ ತೆರೆಯುವ ಮೊದಲೇ ಅವಳು ಕೈಯಲ್ಲಿದ್ದ ಪೊರಕೆಯಿಂದಲೇ ಮಗನಿಗೆ ಹೊಡೆದಳು. ಬೇರೆಯವರು ಹೊಡೆಯುವುದಕ್ಕಿಂತ ತಾನೇ ಹೊಡೆದುಬಿಡುವುದು ಮೇಲು ಎಂದು ಅವಳಿಗೆ ತೋರಿರಬೇಕು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಅವನು ನನ್ನ ಮೇಲೆ ದೂರು ಹೇಳಲಿಲ್ಲ. ಅಂಗಿಯ ಒದ್ದೆ ತುದಿಯನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಅಜ್ಜಿಗೆ ತೋರಿಸುತ್ತ, "ಕಾಗೆ ಎಂಜ್ಲು ಅಮ್ಮಾವ್ರೆ, ಕಾಗೆ ಎಂಜ್ಲು" ಎಂದು ಮತ್ತೆ ಮತ್ತೆ ಹೇಳಿದ. ನನ್ನನ್ನು ಬಾವಿಯ ಬಳಿ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದರು.

ಈ ನೆನಪಿನಿಂದ ನನಗೆ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಕಾಣುತ್ತವೆ. ಅಜ್ಜಿ ಕೇಳಿದ್ದು 'ಯಾರು ಮುಟ್ಟಿದ್ದು?' ಎಂದು. ಆ ಹುಡುಗ ಹಣ್ಣು ಕಚ್ಚುವ ಮೊದಲು ತನ್ನನ್ನೇ ಕೇಳಿಕೊಂಡದ್ದು 'ನಾನು ಮುಟ್ಟಿದ್ದು ಇನ್ನೊಬ್ಬನ ಬಾಯಿಗೆ ಹೋಗುತ್ತದಲ್ಲ, ಏನು ಮಾಡಲಿ?' ಎಂದು. ಮೇಲುನೋಟಕ್ಕೆ ಎರಡೂ ಶುಚಿಯ ಪ್ರಶ್ನೆಗಳೇ. ಆದರೆ ಮೊದಲನೆಯದು ಇನ್ನೊಬ್ಬನ ಹುಟ್ಟನ್ನು ವಿಚಾರಿಸುತ್ತದೆ, ಎರಡನೆಯದು ನನ್ನ ನಡತೆಯನ್ನು. ಮೊದಲನೆಯದಕ್ಕೆ ಅಂಗಿಯ ತುದಿ ಎಷ್ಟು ಒದ್ದೆಯಾಗಿದ್ದರೂ ಸಾಕ್ಷಿಯಾಗುವುದಿಲ್ಲ. ಏಕೆಂದರೆ ಅದು ಕೇಳುತ್ತಿರುವುದು ಎಂಜಲನ್ನಲ್ಲ. ನಮ್ಮ ದುರದೃಷ್ಟವೆಂದರೆ ಈ ಎರಡನ್ನೂ ನಾವು ಒಂದೇ ಮಾತಿನಲ್ಲಿ ಸೇರಿಸಿಬಿಟ್ಟೆವು. ಎರಡನೆಯದರ ಗೌರವವನ್ನು ಮೊದಲನೆಯದು ಕದ್ದು ಉಟ್ಟುಕೊಂಡಿತು.

ನಮ್ಮ ಪಂಕ್ತಿಯಲ್ಲಿ ಎರಡನೆಯ ಪ್ರಶ್ನೆ ಇರಲಿಲ್ಲವೆಂದಲ್ಲ. ಬಡಿಸುವವನ ಸೌಟು ಎಲೆಗೆ ತಾಗಬಾರದು. ತಾಗಿದರೆ ಮುಂದಿನ ಎಲೆಯವನಿಗೆ ಅನ್ಯಾಯ. ನೀರನ್ನು ಚೊಂಬಿಗೆ ತುಟಿ ತಾಗಿಸದೆ ಎತ್ತಿ ಕುಡಿಯಬೇಕು. ನಾಳೆ ಇನ್ನೊಬ್ಬರು ಅದರಲ್ಲೇ ಕುಡಿಯುವವರು. ಇವು ಒಳ್ಳೆಯ ನಡತೆಗಳು. ಒಸಾಕಾದ ಬೆಲ್ಟಿನ ನಡತೆಗೂ ಇವಕ್ಕೂ ಭೇದವಿಲ್ಲ. ಆದರೆ ಇದೇ ಪಂಕ್ತಿಯಲ್ಲಿ ಯಾರು ಕೂರಬಹುದು, ಯಾರು ಕೊನೆಗೆ, ಯಾರು ಹೊರಗೆ ಎಂಬುದನ್ನು ಮೊದಲನೆಯ ಪ್ರಶ್ನೆ ನಿರ್ಧರಿಸಿತು. ನಮ್ಮ ಪೇಟೆಯ ಹೋಟೆಲುಗಳಲ್ಲೂ ಬ್ರಾಹ್ಮಣರಿಗೆಂದು ಬೇರೆ ಕೋಣೆ ಇದ್ದ ಕಾಲವಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನ ತನ್ನ 15ನೆಯ ವಿಧಿಯಲ್ಲಿ ಹೋಟೆಲುಗಳ ಹೆಸರು ಹೇಳಿಯೇ ಈ ತಡೆಯನ್ನು ಕಿತ್ತುಹಾಕಬೇಕಾಯಿತು. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ಅದನ್ನು ಆಚರಿಸುವವರಿಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲಿ ಬಂತು. ನನ್ನ ಸೀಬೆಹಣ್ಣಿನ ಪ್ರಸಂಗ ನಡೆದದ್ದು ಅದಾದ ಮೂರು ವರ್ಷಕ್ಕೆ! ಅಜ್ಜಿಯ ಹಿತ್ತಿಲಿಗೆ ಕಾನೂನು ಇನ್ನೂ ಬಂದಿರಲಿಲ್ಲ.

ಹಾಗೆಂದು ಜಪಾನಿನವರು ಹುಟ್ಟಿನಿಂದಲೇ ಸಮದರ್ಶಿಗಳು ಎನ್ನುವುದೂ ಸುಳ್ಳು. ಚರ್ಮದ ಕೆಲಸ, ಪ್ರಾಣಿವಧೆ ಮಾಡುವವರನ್ನು ಅವರೂ ಊರ ಹೊರಗೆ ಇಟ್ಟಿದ್ದರು. 1871ರ ಸರ್ಕಾರಿ ಆಜ್ಞೆ ಆ ಹಣೆಪಟ್ಟಿಯನ್ನು ಕಾನೂನಿನಲ್ಲಿ ಅಳಿಸಿತು, ಮನಸ್ಸಿನಲ್ಲಿ ಅಳಿಸಲಿಲ್ಲ. 1922ರಲ್ಲಿ ಆ ಜನರೇ 'ಸುಯಿಹೇಷಾ' ಎಂಬ ಸಂಘ ಕಟ್ಟಿ ಹೋರಾಡಬೇಕಾಯಿತು. ಆದ್ದರಿಂದ ನಾನು ಮೆಚ್ಚುವುದು ಒಂದು ದೇಶವನ್ನಲ್ಲ, ಒಂದು ಬೆಲ್ಟನ್ನು. ಅದರ ಮುಂದೆ ಕೂರುವವನಿಗೆ ಯಾರೆಂದು ಕೇಳುವುದಿಲ್ಲ. ಆದರೆ ಕೂತ ಮೇಲೆ ಅವನ ಕೈಗೆ ಒಂದು ಕಟ್ಟು ಉಂಟು.

ಎಂಜಲೆಲ್ಲ ಕೀಳೆಂದೂ ಅಲ್ಲ. ಮಗು ಕಚ್ಚಿಕೊಟ್ಟ ಬಿಸ್ಕತ್ತನ್ನು ತಾಯಿ ಬೇಡವೆನ್ನುವುದಿಲ್ಲ. ಶಬರಿ ಒಂದೊಂದು ಹಣ್ಣನ್ನೂ ಕಚ್ಚಿ, ಸಿಹಿಯಾದದ್ದನ್ನೇ ಆರಿಸಿ ರಾಮನಿಗೆ ಕೊಟ್ಟಳೆಂದು ನಮ್ಮ ಜನ ಹೇಳಿಕೊಂಡು ಬಂದಿದ್ದಾರೆ. ಪ್ರೀತಿಯಿದ್ದಲ್ಲಿ ಎಂಜಲಿನ ಲೆಕ್ಕವಿಲ್ಲ. ಅದು ಪ್ರೀತಿಯ ಮಾತಾಯಿತು. ಆದರೆ ಬೆಲ್ಟಿನ ಸುತ್ತ ಕೂತವರು ಪರಸ್ಪರ ಅಪರಿಚಿತರು. ಪ್ರೀತಿಸಲು ಸಾಧ್ಯವಿಲ್ಲದಷ್ಟು ಜನರ ನಡುವೆ ಬದುಕಬೇಕಾದಾಗ ಪ್ರೀತಿಯ ಜಾಗದಲ್ಲಿ ಏನಿರಬೇಕು? ನನಗೆ ತೋರುವಂತೆ ಇಂಥ ಸಣ್ಣ ಎಚ್ಚರಿಕೆ.

2024ರಲ್ಲಿ ಎರಡನೆಯ ಬಾರಿ ಒಸಾಕಾಕ್ಕೆ ಹೋದೆ. ಅದೇ ಹೋಟೆಲಿಗೆ ಕರೆದುಕೊಂಡು ಹೋಗೆಂದು ನಾನೇ ಮಗಳನ್ನು ಕೇಳಿದೆ. ಬೆಲ್ಟು ಇತ್ತು, ಅದರ ಮೇಲೆ ಮೆರವಣಿಗೆ ಇರಲಿಲ್ಲ. ಮೇಜಿನ ಮೇಲಿನ ಪರದೆಯಲ್ಲಿ ಬೇಕಾದ್ದನ್ನು ಒತ್ತಿದರೆ ಆ ತಟ್ಟೆ ಮಾತ್ರ ಸರ್ರನೆ ಬಂದು ನಮ್ಮೆದುರು ನಿಲ್ಲುತ್ತಿತ್ತು. "ಇದೇಕೆ ಹೀಗಾಯಿತು?" ಎಂದೆ. ಮಗಳು ಹೇಳಿದಳು. 2023ರ ಜನವರಿಯಲ್ಲಿ ಒಂದು ವಿಡಿಯೊ ದೇಶವೆಲ್ಲ ಹರಡಿತಂತೆ. ಗಿಫು ಎಂಬಲ್ಲಿ, ಇಂಥದೇ ಒಂದು ಹೋಟೆಲಿನಲ್ಲಿ, ಒಬ್ಬ ಹುಡುಗ ಸೋಯಾ ಸಾಸಿನ ಸೀಸೆಯ ಬಾಯನ್ನು ನೆಕ್ಕಿ, ಚಹದ ಲೋಟದ ಅಂಚನ್ನು ನೆಕ್ಕಿ ಹಾಗೆಯೇ ಇಟ್ಟ. ಬೆರಳಿಗೆ ಉಗುಳು ಹಚ್ಚಿಕೊಂಡು ಬೆಲ್ಟಿನ ಮೇಲೆ ಸಾಗುತ್ತಿದ್ದ ಸುಶಿಗೆ ಸವರಿದ. ಗೆಳೆಯರನ್ನು ನಗಿಸಲು ಮಾಡಿದ ಕೆಲಸ. ಆ ಸಂಸ್ಥೆಯ ಷೇರಿನ ಬೆಲೆ ಕುಸಿಯಿತು. ಅದು ಹುಡುಗನ ಮೇಲೆ ಸುಮಾರು 6 ಕೋಟಿ 70 ಲಕ್ಷ ಯೆನ್ ಪರಿಹಾರಕ್ಕೆ ದಾವೆ ಹೂಡಿತು. ಅದೇ ವರ್ಷ ಜುಲೈಯಲ್ಲಿ ರಾಜಿಯಾಗಿ ದಾವೆ ಹಿಂದಕ್ಕೆ ಹೋಯಿತು. ಅಷ್ಟರಲ್ಲಿ ಹಲವು ಕಡೆ ತಟ್ಟೆಗಳ ಮೆರವಣಿಗೆ ನಿಂತಿತ್ತು. ಇನ್ನೊಂದು ಸಂಸ್ಥೆ ಮೆರವಣಿಗೆಯನ್ನು ಉಳಿಸಿಕೊಂಡಿತು. ಅಲ್ಲಿ ಹಿಂದಿನಿಂದಲೂ ತಟ್ಟೆಗಳಿಗೆ ಪಾರದರ್ಶಕವಾದ ಮುಚ್ಚಳಗಳಿದ್ದವು. ಈಗ ಆ ಮುಚ್ಚಳವನ್ನು ಯಾರಾದರೂ ಸಂಶಯ ಬರುವಂತೆ ತೆರೆದರೆ ಕಂಡುಹಿಡಿಯುವ ಕ್ಯಾಮೆರಾಗಳನ್ನೂ ಇಟ್ಟರು.

ಅರುವತ್ತೈದು ವರ್ಷ ಲಕ್ಷಾಂತರ ಜನ ಮುಟ್ಟದೆ ಬಿಟ್ಟದ್ದನ್ನು ಒಬ್ಬ ಹುಡುಗನ ಒಂದು ಬೆರಳು ನಿಲ್ಲಿಸಿಬಿಟ್ಟಿತು. ಹಾಗಾದರೆ ಆ ಲಕ್ಷಾಂತರ ಜನರ ನಡತೆಗೆ ಬೆಲೆಯೇ ಇಲ್ಲವೆ? ಇದು ನನ್ನನ್ನು ಕಾಡಿತು. ನಂಬಿಕೆಯ ಲೆಕ್ಕವೇ ಹೀಗೆ ಎಂದು ತೋರುತ್ತದೆ. ಅದನ್ನು ಉಳಿಸಿದವರು ಕಣ್ಣಿಗೆ ಬೀಳುವುದಿಲ್ಲ. ಮುಟ್ಟದೆ ಬಿಟ್ಟ ತಟ್ಟೆಯ ವಿಡಿಯೊವನ್ನು ಯಾರು ತೆಗೆಯುತ್ತಾರೆ?

ನ್ಯಾಯವಾಗಿ ನೋಡಿದರೆ ಹೊಸ ಏರ್ಪಾಡಿನಲ್ಲಿ ಲಾಭವೂ ಉಂಟು. ಯಾರೂ ಎತ್ತಿಕೊಳ್ಳದೆ ಸುತ್ತಿ ಸುತ್ತಿ ಒಣಗಿದ ಸುಶಿ ಕೊನೆಗೆ ಕಸಕ್ಕೇ ಹೋಗುತ್ತಿತ್ತು. ಆ ದೇಶದಲ್ಲಿ 2022ರ ಆರ್ಥಿಕ ವರ್ಷದಲ್ಲಿ ತಿನ್ನಲು ಬರುತ್ತಿದ್ದೂ ಹಾಳಾದ ಆಹಾರ ಸುಮಾರು 47 ಲಕ್ಷ ಟನ್ ಎಂದು ಸರ್ಕಾರದ ಲೆಕ್ಕ. ಕೇಳಿದಷ್ಟನ್ನೇ ಮಾಡಿಕೊಟ್ಟರೆ ಅಷ್ಟರಮಟ್ಟಿಗೆ ಅನ್ನ ಉಳಿದೀತು. ಮುಚ್ಚಳದ ಮೇಲೂ ನನಗೆ ಸಿಟ್ಟಿಲ್ಲ. ಅದು ಅಂಗಿಯ ತುದಿಯಂತೆಯೇ. ಇಬ್ಬರು ಹಂಚಿಕೊಂಡು ತಿನ್ನಲೆಂದು ನಡುವೆ ಹಿಡಿದ ಬಟ್ಟೆ. ಆದರೆ ಕ್ಯಾಮೆರಾದ ವಿಷಯದಲ್ಲಿ ನನ್ನ ಮನಸ್ಸು ಒಪ್ಪುವುದಿಲ್ಲ. ಬಟ್ಟೆ ಹಿಡಿದವನು ಹುಡುಗ, ತಾನಾಗಿಯೇ ಹಿಡಿದ. ಯಾರೋ ನೋಡುತ್ತಿದ್ದಾರೆಂದು ಕೈ ಹಿಂದಕ್ಕೆ ತೆಗೆದುಕೊಂಡರೆ ಎದುರಿನ ತಟ್ಟೆ ಶುಚಿಯಾಗಿ ಉಳಿಯುತ್ತದೆ, ನಿಜ. ಆದರೆ ನಮಗೆ ಕೈ ಹಿಂದಕ್ಕೆ ತೆಗೆಯುವ ಅಭ್ಯಾಸವಾಗುವುದಿಲ್ಲ. ಕ್ಯಾಮೆರಾ ಇಲ್ಲದ ಇನ್ನೊಂದು ಕಡೆ ಆ ಕೈ ಏನು ಮಾಡುತ್ತದೆ? ಹೋಟೆಲಿನವನು ವ್ಯಾಪಾರಿ, ಅವನಿಗೆ ತಟ್ಟೆ ಉಳಿದರೆ ಸಾಕು. ತಂದೆತಾಯಿಗಳಿಗೆ ಸಾಲದು. ನನ್ನ ಮಗಳು ನನ್ನ ಮಣಿಕಟ್ಟು ಹಿಡಿದಳಲ್ಲ, ಅಂಥ ಕೈಗಳು ಬೇಕು.

ಇಷ್ಟು ಹೇಳಿ ಮುಗಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಅದಕ್ಕೆ ಮನಸ್ಸು ಬಾರದು. ಇನ್ನೊಂದು ಪ್ರಸಂಗ ಬಾಕಿ ಇದೆ.

1991ರಲ್ಲಿ, ಅಜ್ಜನ ಜಮೀನಿನ ಕಾಗದಪತ್ರಕ್ಕೆಂದು ಆ ಊರಿಗೆ ಹೋಗಿದ್ದಾಗ, ನನ್ನ ಜೊತೆಗಾರನ ಮನೆಯನ್ನು ವಿಚಾರಿಸಿಕೊಂಡು ಹೋದೆ. ಅವರು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದರು. ಸ್ವಂತ ಮನೆ ಕಟ್ಟಿಸಿದ್ದರು. ಸಂತೋಷದಿಂದ ಒಳಗೆ ಕರೆದು ಕೂರಿಸಿದರು. ಅವರ ಹೆಂಡತಿ ಒಂದು ಚೊಂಬಿನಲ್ಲಿ ನೀರು ತಂದುಕೊಟ್ಟರು. ಬಿಸಿಲಿನಲ್ಲಿ ನಡೆದು ಬಂದಿದ್ದೆ. ಚೊಂಬನ್ನು ಎತ್ತಿ, ತುಟಿಗೆ ತಾಗಿಸದೆ, ಗಟಗಟನೆ ಕುಡಿದೆ. ಹುಟ್ಟಿದಾಗಿನಿಂದ ಎಲ್ಲ ಮನೆಗಳಲ್ಲೂ ಹಾಗೆಯೇ ಕುಡಿದವನು ನಾನು. ಚೊಂಬು ಕೆಳಗಿಟ್ಟು ನೋಡಿದಾಗ ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಒಂದು ಕ್ಷಣ ತಡೆದು, "ಟೀ ಕುಡೀತೀರಾ?" ಎಂದು ಕೇಳಿದರು.

ಆ ಒಂದು ಕ್ಷಣ ನನ್ನ ಚೊಂಬಿನಿಂದ ಹುಟ್ಟಿದ್ದು. ನಾನು ಎತ್ತಿ ಕುಡಿದದ್ದು ಅವರ ಮನೆಯವರ ಬಾಯಿಗೆ ನನ್ನ ಎಂಜಲು ಹೋಗದಿರಲೆಂದೋ, ಅವರ ಮನೆಯ ಚೊಂಬು ನನ್ನ ತುಟಿಗೆ ತಾಗದಿರಲೆಂದೋ? ಮೊದಲನೆಯದೇ ಎಂದು ನಾನು ಪ್ರಮಾಣ ಮಾಡಬಲ್ಲೆ. ಆದರೆ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಅದರಲ್ಲೂ ಒಮ್ಮೆ ಪೊರಕೆಯ ಏಟು ತಿಂದವರಿಗೆ ಹೇಗೆ ಕಾಣಬೇಕು? 'ಕಾಗೆ ಎಂಜ್ಲು ಅಮ್ಮಾವ್ರೆ' ಎಂದು ಅವರು ಅಂಗಿ ತೋರಿಸಿದಾಗ ಅಜ್ಜಿ ನಂಬಲಿಲ್ಲ. ಈಗ ತೋರಿಸಲು ನನ್ನಲ್ಲಿ ಅಂಗಿಯ ತುದಿಯೂ ಇರಲಿಲ್ಲ.

"ಖಂಡಿತ ಕುಡಿಯುತ್ತೇನೆ" ಎಂದೆ. ಟೀ ಬಂತು, ಲೋಟಕ್ಕೆ ತುಟಿಯಿಟ್ಟು ಕುಡಿದೆ. ಮಳೆ, ಬೆಳೆ, ಮಕ್ಕಳ ಓದು ಎಲ್ಲ ಮಾತಾಡಿದೆವು. ಸೀಬೆಹಣ್ಣಿನ ಮಾತು ತೆಗೆಯಲೆಂದೇ ಹೋಗಿದ್ದೆ. ಬಾಯಿಗೆ ಬಂದದ್ದನ್ನು ಎರಡು ಸಲ ನುಂಗಿದೆ. ಬಾಗಿಲವರೆಗೂ ಬಂದು ಅವರು ನನ್ನನ್ನು ಕಳಿಸಿಕೊಟ್ಟರು. ಈಗ ಅವರಿಲ್ಲ.

ಒಸಾಕಾದಲ್ಲಿ ಮಗಳು ನನ್ನ ಕೈ ಹಿಡಿದು 'ಮುಟ್ಟಿದ ಮೇಲೆ ಅದು ನಮ್ಮದು' ಎಂದಾಗ ನನಗೆ ಮೀನಿನ ತಟ್ಟೆಯೊಂದೇ ಕಾಣಲಿಲ್ಲ. ಏಳು ವರ್ಷದ ಹುಡುಗ ಅಂದು ಆಡಿದ ಸುಳ್ಳನ್ನು ಜೊತೆಗಾರನ ಎದುರಿಗೆ ಸರಿಸಿ ತಾನು ಬಾವಿಕಟ್ಟೆಗೆ ಹೋಗಿದ್ದ. ಅದನ್ನು ಅವನು ಅರವತ್ತು ವರ್ಷ ಎಲ್ಲಿಯೂ ಎತ್ತಿಕೊಂಡಿರಲಿಲ್ಲ. ಇಲ್ಲಿ ಬರೆದದ್ದು, ತಡವಾಗಿಯಾದರೂ, ಆ ತಟ್ಟೆಯನ್ನು ನನ್ನ ಲೆಕ್ಕಕ್ಕೆ ಸೇರಿಸಲೆಂದು.